ಸ್ಕೋಪಿ ಹತ್ತು ನಿಮಿಷ, ತೊಳೆಯೋದು ಒಂದು ಗಂಟೆ

(ದಾವಣಗೆರೆಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು ಮತ್ತು ಸಾರ್ವಜನಿಕರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತನಾಡಿದವರು ಎಂಡೋಸ್ಕೋಪಿ, ಅಂದರೆ ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡುವ ಪರೀಕ್ಷೆಯ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದ ಹಿರಿಯ ನರ್ಸ್.)

ಎಂಡೋಸ್ಕೋಪಿ ರೂಮಿನ ಹೊರಗೆ ಬೆಂಚಿನ ಮೇಲೆ ಕೂತವರು ನಮ್ಮನ್ನು ಕೇಳುವ ಪ್ರಶ್ನೆ ಯಾವಾಗಲೂ ಒಂದೇ. "ಒಳಗೆ ಪೇಶೆಂಟ್ ಯಾರೂ ಇಲ್ಲ, ಡಾಕ್ಟ್ರು ಸುಮ್ನೆ ಕೂತಿದ್ದಾರೆ, ನಮ್ಮನ್ನು ಯಾಕೆ ಕರೀತಿಲ್ಲ?" ಕೇಳೋದರಲ್ಲಿ ತಪ್ಪೇನೂ ಇಲ್ಲ. ಜಗಳೂರಿನಿಂದ ಮೊದಲ ಬಸ್ ಹಿಡಿದು ಬಂದಿರುತ್ತಾರೆ. ರಾತ್ರಿ ಊಟ ಆದ ಮೇಲೆ ಏನೂ ತಿಂದಿರುವುದಿಲ್ಲ. ತಮಗಿಂತ ಮುಂಚೆ ಒಳಗೆ ಹೋದವರು ಹತ್ತೇ ನಿಮಿಷಕ್ಕೆ ಹೊರಗೆ ಬಂದದ್ದನ್ನು ಕಣ್ಣಾರೆ ನೋಡಿದ್ದಾರೆ. ಹಾಗಿದ್ದ ಮೇಲೆ ತಮ್ಮ ಸರದಿಗೆ ಇನ್ನೂ ಮುಕ್ಕಾಲು ಗಂಟೆ ಯಾಕೆ ಅಂತ ಸಿಟ್ಟು ಬರೋದು ಸಹಜ.

ಯಾಕೆ ಅಂದರೆ, ಹೊಟ್ಟೆಯೊಳಗೆ ಇಳಿಸುವ ಕೊಳವೆ, ಅಂದರೆ ಸ್ಕೋಪ್, ಇನ್ನೂ ತೊಳೆಯುವ ಸಿಂಕಿನಲ್ಲಿದೆ. ಡಾಕ್ಟರೂ ಅದಕ್ಕೇ ಕಾಯುತ್ತಿದ್ದಾರೆ.

ಇವತ್ತು ನಾನು ಮಾತಾಡೋದೆಲ್ಲ ಆ ಸಿಂಕಿನ ವಿಚಾರವೇ. ನಮ್ಮ ಊರಿನಲ್ಲಿ ಎರಡು ಮೆಡಿಕಲ್ ಕಾಲೇಜುಗಳಿವೆ. ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. ಖಾಸಗಿ ಆಸ್ಪತ್ರೆಗಳಂತೂ ರಸ್ತೆಗೊಂದು. ಹರಪನಹಳ್ಳಿ, ಹೊನ್ನಾಳಿ, ಚನ್ನಗಿರಿ, ಹೊಳಲ್ಕೆರೆ ಕಡೆಯಿಂದೆಲ್ಲ ಜನ ಇಲ್ಲಿಗೇ ಬರುತ್ತಾರೆ. ಇಂಥ ಊರಿನಲ್ಲಿ ಒಂದು ಆಸ್ಪತ್ರೆ ದಿನಕ್ಕೆ ಎಷ್ಟು ಸ್ಕೋಪಿ ಮಾಡಬಹುದು ಅನ್ನೋದನ್ನು ಎಷ್ಟು ಜನ ಡಾಕ್ಟರಿದ್ದಾರೆ ಅಂತ ನೋಡಿ ಹೇಳಬಾರದು. ಎಷ್ಟು ಸ್ಕೋಪ್ ಇವೆ, ಎಷ್ಟು ಸಿಂಕ್ ಇವೆ, ತೊಳೆಯೋಕೆ ಎಷ್ಟು ಕೈಗಳಿವೆ ಅಂತ ನೋಡಿ ಹೇಳಬೇಕು. ನಾನು ಹೇಳಬೇಕಾದದ್ದು ಇಷ್ಟೇ. ಉಳಿದದ್ದು ಇದಕ್ಕೆ ಕಾರಣ.

ಇಲ್ಲಿ ಒಂದು ಕೆಟ್ಟುಹೋದ ಗ್ಯಾಸ್ಟ್ರೋಸ್ಕೋಪ್ ತಂದಿದ್ದೇನೆ. ಚೆನ್ನಾಗಿ ತೊಳೆದಿದ್ದೇವೆ, ಹೆದರಬೇಡಿ. ಮುಂದಿನ ಸಾಲಿನವರು ಕೈಗೆ ತಗೊಂಡು ನೋಡಿ, ಹಿಂದಿನವರಿಗೆ ಕೊಡಿ. ಒಂದು ಮೀಟರಿನಷ್ಟು ಉದ್ದದ, ಹೆಚ್ಚುಕಡಿಮೆ ಕಿರುಬೆರಳಿನ ದಪ್ಪದ ಕರೀ ಕೊಳವೆ. ಹೊರಗಿನಿಂದ ನೋಡಿದರೆ ಒರೆಸಿಟ್ಟರೆ ಮುಗೀತು ಅನ್ನಿಸುತ್ತೆ. ಸಮಸ್ಯೆ ಇರೋದು ಒಳಗೆ. ಬಯಾಪ್ಸಿಗೆ, ಅಂದರೆ ಪರೀಕ್ಷೆಗೆ ಮಾಂಸದ ಸಣ್ಣ ತುಣುಕು ತೆಗೆಯುವ ಫೋರ್ಸೆಪ್ಸ್ (ಸಣ್ಣ ಚಿಮಟ) ಹಾಯಿಸೋಕೆ ಒಂದು ಚಾನೆಲ್, ಅಂದರೆ ನಳಿಕೆ ಇದೆ. ಸಾಮಾನ್ಯವಾಗಿ ಅದರ ಅಗಲ 2.8 ಮಿಲಿಮೀಟರ್. ಹೊಟ್ಟೆಯೊಳಗಿನ ರಸ, ರಕ್ತ ಎಳೆದುಕೊಳ್ಳೋದೂ ಇದೇ ದಾರಿಯಲ್ಲಿ. ಪಕ್ಕದಲ್ಲಿ ಗಾಳಿಗೆ, ನೀರಿಗೆ ಇನ್ನೂ ಸಣ್ಣ ನಳಿಕೆಗಳಿವೆ. ಹೆಚ್ಚಿನ ಸ್ಕೋಪ್‌ಗಳಲ್ಲಿ ಅವುಗಳೊಳಗೆ ಬ್ರಷ್ ಹೋಗೋದೇ ಇಲ್ಲ. ದ್ರಾವಣ ಹಾಯಿಸಿಯೇ ತೊಳೆಯಬೇಕು.

ಇದರ ಚಾನೆಲನ್ನು ಉದ್ದಕ್ಕೆ ಸೀಳಿಸಿ ತಂದಿದ್ದೇನೆ. ಮೊಬೈಲ್ ಟಾರ್ಚ್ ಹಾಕಿ ನೋಡಿ. ಗೀರುಗಳು ಕಾಣ್ತಾವಾ? ಫೋರ್ಸೆಪ್ಸ್ ಹೋಗಿ ಬಂದು, ಹೋಗಿ ಬಂದು ಆದ ಗೀರುಗಳು ಅವು. ನಮ್ಮ ಕಣ್ಣಿಗೆ ಗೀರು, ಬ್ಯಾಕ್ಟೀರಿಯಾಕ್ಕೆ ಮನೆ. ಅಲ್ಲಿ ಕೂತು ಅವು ತಮ್ಮ ಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಬಯೋಫಿಲ್ಮ್ ಅಂತ ನಿಮ್ಮ ಮೈಕ್ರೋಬಯಾಲಜಿ ಪುಸ್ತಕದಲ್ಲಿ ಓದಿರುತ್ತೀರಿ. ಒಮ್ಮೆ ಆ ಪದರ ಗಟ್ಟಿಯಾಯಿತು ಅಂದರೆ ಕೆಮಿಕಲ್ ಮೇಲೆ ಹರಿದು ಹೋಗುತ್ತದೆಯೇ ಹೊರತು ಒಳಗೆ ಇಳಿಯೋದು ಕಷ್ಟ.

ನೀವು ಕೇಳಬಹುದು, ಆಪರೇಷನ್ ಥಿಯೇಟರಿನ ಕತ್ತರಿ ಚಾಕುಗಳ ಹಾಗೆ ಇದನ್ನೂ ಆಟೋಕ್ಲೇವಿಗೆ, ಅಂದರೆ ಬಿಸಿ ಹಬೆಯಿಂದ ಕ್ರಿಮಿ ಕೊಲ್ಲುವ ಪೆಟ್ಟಿಗೆಗೆ ಹಾಕಿಬಿಡಿ, ಇಷ್ಟೆಲ್ಲ ರಗಳೆ ಯಾಕೆ ಅಂತ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1868ರಲ್ಲಿ ಜರ್ಮನಿಯ ಡಾಕ್ಟರ್ ಅಡಾಲ್ಫ್ ಕುಸ್‌ಮೌಲ್ ಮೊದಲ ಬಾರಿಗೆ ಬದುಕಿರುವ ಮನುಷ್ಯನ ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡಿದರು. ಆ ಕೊಳವೆ ಬಾಗುತ್ತಿರಲಿಲ್ಲ. ಹಾಗಾಗಿ ಅದನ್ನು ನುಂಗೋಕೆ ಸಿಕ್ಕವನು ಯಾರು ಗೊತ್ತಾ? ಕತ್ತಿ ನುಂಗುವ ಆಟದವನು! ಬಾಗದ ಲೋಹದ ಕೊಳವೆಯನ್ನು ಕುದಿಸಬಹುದು, ಆದರೆ ಎಲ್ಲರೂ ಅದನ್ನು ನುಂಗೋಕೆ ಆಗಲ್ಲ ಅಲ್ವಾ. ಮುಂದೆ 1954ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್‌ಕಿನ್ಸ್ ಮತ್ತು ನಮ್ಮ ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ ಸೇರಿ, ಗಾಜಿನ ಸಣ್ಣ ಎಳೆಗಳ ಕಂತೆಯಿಂದ ಚಿತ್ರವನ್ನು ಸಾಗಿಸಬಹುದು ಅಂತ ತೋರಿಸಿದರು. 1957ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಬೇಸಿಲ್ ಹಿರ್ಷೋವಿಟ್ಸ್ ಅಂಥ ಎಳೆಗಳಿಂದ ಬಾಗುವ ಸ್ಕೋಪ್ ಮಾಡಿ, ಮೊದಲು ತಾವೇ ನುಂಗಿ ನೋಡಿದರು. ಅಲ್ಲಿಂದ ಸ್ಕೋಪಿ ಎಲ್ಲರಿಗೂ ಆಗುವಂಥ ಪರೀಕ್ಷೆಯಾಯಿತು.

ಆದರೆ ಬಾಗಬೇಕು ಅಂದರೆ ರಬ್ಬರ್ ಬೇಕು, ಅಂಟು ಬೇಕು, ಪ್ಲಾಸ್ಟಿಕ್ ಬೇಕು. ಈಗಿನ ಸ್ಕೋಪ್‌ಗಳ ತುದಿಯಲ್ಲಿ ಕ್ಯಾಮೆರಾ ಚಿಪ್ ಬೇರೆ ಇರುತ್ತೆ. ಆಟೋಕ್ಲೇವಿನಲ್ಲಿ 121 ಡಿಗ್ರಿ, ಕೆಲವು ಸಲ 134 ಡಿಗ್ರಿ ಹಬೆ. ಆ ಬಿಸಿಗೆ ಅಂಟು ಬಿಡುತ್ತೆ, ಚಿಪ್ ಸಾಯುತ್ತೆ. ಲಕ್ಷಗಟ್ಟಲೆ ರೂಪಾಯಿಯ ವಸ್ತು ಒಂದೇ ಸಲಕ್ಕೆ ಗುಜರಿ. ಹೊಟ್ಟೆಯೊಳಗೆ ಸಲೀಸಾಗಿ ಹೋಗುವ ಗುಣವೇ ಇದನ್ನು ತೊಳೆಯೋದಕ್ಕೆ ಕಷ್ಟ ಮಾಡಿಟ್ಟಿದೆ.

ವಿದ್ಯಾರ್ಥಿಗಳಿಗೆ ಒಂದು ಮಾತು, ಪರೀಕ್ಷೆಗೂ ಬರುತ್ತೆ. ಅಮೆರಿಕದ ಅರ್ಲ್ ಸ್ಪಾಲ್ಡಿಂಗ್ 1968ರಲ್ಲಿ ಆಸ್ಪತ್ರೆ ಸಾಮಾನುಗಳನ್ನು ಮೂರು ಗುಂಪು ಮಾಡಿದರು. ಬಿಪಿ ಪಟ್ಟಿಯಂತೆ ಚರ್ಮಕ್ಕೆ ಮಾತ್ರ ತಾಗುವುದು ಒರೆಸಿದರೆ ಸಾಕು. ಆಪರೇಷನ್ ಚಾಕುವಿನಂತೆ ರಕ್ತ, ಮಾಂಸದೊಳಗೆ ಹೋಗುವುದು ಪೂರ್ತಿ ಸ್ಟೆರೈಲ್ ಆಗಿರಬೇಕು, ಅಂದರೆ ಒಂದು ಕ್ರಿಮಿಯೂ ಇರಬಾರದು. ನಡುವಿನದು ಬಾಯಿ, ಹೊಟ್ಟೆ, ಕರುಳು, ಶ್ವಾಸನಾಳದ ಒಳಪದರಕ್ಕೆ ತಾಗುವಂಥದ್ದು. ಅದಕ್ಕೆ ಹೈ ಲೆವೆಲ್ ಡಿಸ್‌ಇನ್‌ಫೆಕ್ಷನ್. ಅಂದರೆ ಗಟ್ಟಿ ಬೀಜಾಣುಗಳನ್ನು ಬಿಟ್ಟು ಉಳಿದ ಕ್ರಿಮಿಗಳೆಲ್ಲ ಸಾಯಬೇಕು. ಎಂಡೋಸ್ಕೋಪ್ ಈ ನಡುವಿನ ಗುಂಪಿನದು. ಆದರೆ ಅದರೊಳಗೆ ಹೋಗುವ ಬಯಾಪ್ಸಿ ಫೋರ್ಸೆಪ್ಸ್ ಮಾಂಸ ಕಿತ್ತು ತರುವುದರಿಂದ ಸ್ಟೆರೈಲ್ ಗುಂಪಿಗೆ ಸೇರುತ್ತೆ. ಎರಡನ್ನೂ ಒಂದೇ ಟ್ರೇಯಲ್ಲಿ ಮುಳುಗಿಸಿ ಕೈತೊಳೆದುಕೊಳ್ಳೋದನ್ನು ನೋಡಿದ್ದೇನೆ. ಅದು ಸರಿಯಲ್ಲ.

ಈಗ ಸಿಂಕಿಗೆ ಬರೋಣ.

ತೊಳೆಯೋ ಕೆಲಸ ಶುರುವಾಗೋದು ಸಿಂಕಿನಲ್ಲಿ ಅಲ್ಲ, ಮಂಚದ ಪಕ್ಕದಲ್ಲೇ. ಸ್ಕೋಪ್ ಬಾಯಿಂದ ಹೊರಗೆ ಬಂದ ಕೂಡಲೇ, ರೋಗಿ ಇನ್ನೂ ಎದ್ದಿರುವುದಿಲ್ಲ, ಆಗಲೇ ದ್ರಾವಣದಲ್ಲಿ ಅದ್ದಿದ ಬಟ್ಟೆಯಿಂದ ಮೇಲಿನಿಂದ ತುದಿಯವರೆಗೆ ಒರೆಸಬೇಕು. ತುದಿಯನ್ನು ದ್ರಾವಣದಲ್ಲಿಟ್ಟು ಸಕ್ಷನ್ ಹಾಕಿ ಅದನ್ನು ಚಾನೆಲಿನೊಳಗೆ ಎಳೆಯಬೇಕು. ಗಾಳಿ, ನೀರಿನ ನಳಿಕೆ ಊದಿಸಬೇಕು. ಎರಡು ಮೂರು ನಿಮಿಷದ ಕೆಲಸ. ಹಾಲು ಕಾಯಿಸಿದ ಪಾತ್ರೆಗೆ ಆಗಲೇ ನೀರು ಹಾಕಿಟ್ಟರೆ ಸುಲಭವಾಗಿ ಹೋಗುತ್ತೆ, ಸಂಜೆವರೆಗೆ ಬಿಟ್ಟರೆ ಉಗುರು ಹಾಕಿ ಕೆರೆಯಬೇಕು. ಇಲ್ಲಿ ಪಾತ್ರೆಯ ಬಾಯಿ 2.8 ಮಿಲಿಮೀಟರ್, ಆಳ ಒಂದು ಮೀಟರ್. ಉಗುರು ಎಲ್ಲಿ ಹಾಕ್ತೀರಿ? ಅದಕ್ಕೇ ಸಿಂಕಿನ ಕೆಲಸವೂ ಒಂದು ಗಂಟೆಯೊಳಗೆ ಶುರುವಾಗಬೇಕು ಅನ್ನೋದು ನಿಯಮ.

ಆಮೇಲೆ ಮುಚ್ಚಿದ ಟ್ರೇಯಲ್ಲಿ ತೊಳೆಯುವ ರೂಮಿಗೆ. ಅಲ್ಲಿ ಮೊದಲು ಲೀಕ್ ಟೆಸ್ಟ್. ಸ್ಕೋಪಿನ ಹೊದಿಕೆಯೊಳಗೆ ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿ, ತುದಿಯನ್ನು ಮೇಲೆ ಕೆಳಗೆ ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಗುಳ್ಳೆ ಬರುತ್ತಾ ಅಂತ ನೋಡಬೇಕು. ಬಗ್ಗಿಸದೆ ನೋಡಿದರೆ ಪ್ರಯೋಜನ ಇಲ್ಲ. ಕೆಲವು ತೂತುಗಳು ಬಗ್ಗಿಸಿದಾಗ ಮಾತ್ರ ಬಾಯಿ ಬಿಡುತ್ತವೆ. ಅವಸರ ಇದ್ದ ದಿನ ಎಲ್ಲರೂ ಮೊದಲು ಬಿಡೋದು ಇದನ್ನೇ. ಬಿಟ್ಟರೆ ಏನಾಗುತ್ತೆ? ಸೂಜಿ ಮೊನೆಯಷ್ಟು ತೂತಿನಿಂದ ನೀರು ಒಳಗೆ ಹೋಗಿ ಕ್ಯಾಮೆರಾ ಮಂಜಾಗುತ್ತೆ. ರಿಪೇರಿಗೆ ಕಳಿಸಬೇಕು, ವಾರಗಟ್ಟಲೆ ಸ್ಕೋಪ್ ಇರೋದಿಲ್ಲ. ಅದಕ್ಕಿಂತ ಕೆಟ್ಟದ್ದು, ರೋಗಿಯ ರಕ್ತ, ರಸವೂ ಅದೇ ತೂತಿನಿಂದ ಹೊದಿಕೆಯೊಳಗೆ ಸೇರಿಕೊಳ್ಳುತ್ತೆ. ಅಲ್ಲಿಗೆ ಯಾವ ಬ್ರಷ್ಷೂ ಹೋಗಲ್ಲ, ಯಾವ ಕೆಮಿಕಲ್ಲೂ ಹೋಗಲ್ಲ.

ಆಮೇಲೆ ಬ್ರಷ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ಅನುಭವದಲ್ಲಿ ಇಡೀ ಕೆಲಸ ನಿಂತಿರೋದು ಇದರ ಮೇಲೆ. ವಾಲ್ವ್‌ಗಳನ್ನೆಲ್ಲ ಬಿಚ್ಚಬೇಕು. ರಕ್ತ, ಲೋಳೆಯನ್ನು ಸಡಿಲಿಸುವ ಎನ್‌ಜೈಮ್ ದ್ರಾವಣವನ್ನು ಪ್ರತಿ ಸ್ಕೋಪಿಗೂ ಹೊಸದಾಗಿ ಕಲಸಬೇಕು. ಸ್ಕೋಪ್ ಪೂರ್ತಿ ಮುಳುಗಿರಬೇಕು. ಬ್ರಷ್ಷನ್ನು ಸಕ್ಷನ್ ವಾಲ್ವಿನ ಗುಂಡಿಯಿಂದ ಎರಡು ದಾರಿಯಲ್ಲಿ ಹಾಕಬೇಕು. ಓರೆಯಾಗಿ ಹಾಕಿದರೆ ತುದಿಯ ಕಡೆಗೆ ಹೋಗುತ್ತೆ, ನೇರವಾಗಿ ಹಾಕಿದರೆ ಹಿಂದಿನ ಕೇಬಲ್ಲಿನ ಕಡೆಗೆ ಹೋಗುತ್ತೆ. ಹೊಸಬರು ಎರಡನೆಯದನ್ನು ಮರೆತೇಬಿಡುತ್ತಾರೆ. ರೋಗಿಯ ಒಳಗೆ ಹೋಗದ ಭಾಗ ತಾನೇ ಅಂತ. ಆದರೆ ಎಳೆದ ರಕ್ತವೆಲ್ಲ ಹಾಯ್ದು ಹೋಗಿರುವುದು ಅಲ್ಲೇ. ಬ್ರಷ್ ತುದಿಯಿಂದ ಹೊರಗೆ ಬಂದಾಗ ಹಾಗೇ ಎಳೆದುಕೊಳ್ಳಬಾರದು. ನೀರಿನೊಳಗೇ ಬೆರಳಿನಿಂದ ಅದರ ಕೂದಲು ಉಜ್ಜಿ, ಆಮೇಲೆ ಹಿಂದಕ್ಕೆ ಎಳೆಯಬೇಕು. ನೀರಿನ ಮೇಲೆ ಉಜ್ಜಿದರೆ ಹನಿ ಮುಖಕ್ಕೆ ಸಿಡಿಯುತ್ತೆ. ಎಷ್ಟು ಸಲ ಹಾಕಬೇಕು? ಬ್ರಷ್ ಶುಭ್ರವಾಗಿ ಬರುವವರೆಗೆ.

ಚನ್ನಗಿರಿ ಕಡೆಯ ಅಡಿಕೆ ತೋಟದವರು ಬಂದ ದಿನ ಸ್ಕೋಪಿನ ತುದಿ ಒರೆಸಿದರೆ ಬಟ್ಟೆ ಕೆಂಪಾಗುತ್ತೆ. ಹೊಸ ಸ್ಟಾಫ್ ಗಾಬರಿಯಾಗಿ "ಸಿಸ್ಟರ್, ಬ್ಲೀಡಿಂಗ್!" ಅಂತಾರೆ. ಬ್ಲೀಡಿಂಗ್ ಅಲ್ಲಪ್ಪ, ಎಲೆ ಅಡಿಕೆ. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದರೆ ಊಟ ಬಿಟ್ಟು ಬರುತ್ತಾರೆ, ಎಲೆ ಅಡಿಕೆ ಬಿಡೋದಿಲ್ಲ!

ಲೀಕ್ ಟೆಸ್ಟ್, ಬ್ರಷ್, ಅದಾದ ಮೇಲೆ ಒಳ್ಳೆ ನೀರಿನಲ್ಲಿ ಜಾಲಿಸಿ ಗಾಳಿ ಊದೋದು, ಎಲ್ಲ ಸೇರಿ ಇಪ್ಪತ್ತು ಇಪ್ಪತ್ತೈದು ನಿಮಿಷ. ಇಷ್ಟಾದ ಮೇಲೇ ಕೆಮಿಕಲ್. ಜನ ತಿಳಿದುಕೊಂಡಿರೋದು ಕೆಮಿಕಲ್ಲೇ ತೊಳೆಯುತ್ತೆ ಅಂತ. ಅದು ತೊಳೆಯೋದಿಲ್ಲ, ತೊಳೆದದ್ದರ ಮೇಲೆ ಉಳಿದ ಕ್ರಿಮಿಯನ್ನು ಕೊಲ್ಲುತ್ತೆ, ಅಷ್ಟೇ. ಗ್ಲುಟರಾಲ್ಡಿಹೈಡ್ ಅನ್ನೋ ಕೆಮಿಕಲ್ ಅಂತೂ ಪ್ರೋಟೀನನ್ನು ಗಟ್ಟಿ ಮಾಡುತ್ತೆ. ರಕ್ತ, ಲೋಳೆ ಉಳಿದಿದ್ದರೆ ಅದನ್ನು ಅಲ್ಲೇ ಕಲ್ಲಿನಂತೆ ಕೂರಿಸುತ್ತೆ. ಬ್ರಷ್ ಸರಿಯಾಗಿ ಹಾಕದೆ ಎರಡು ಗಂಟೆ ಮುಳುಗಿಸಿಟ್ಟರೂ ಉಪಯೋಗ ಇಲ್ಲ. ಕೊಳೆ ಇನ್ನೂ ಬಿಗಿಯಾಗುತ್ತೆ, ಅಷ್ಟೇ.

ಎರಡು ಪರ್ಸೆಂಟ್ ಗ್ಲುಟರಾಲ್ಡಿಹೈಡಿನಲ್ಲಿ 20 ನಿಮಿಷ ಮುಳುಗಿಸೋದು ಬಹಳ ಕಡೆ ಇರುವ ರೂಢಿ. ಓಪಿಎ ಅನ್ನೋದು ಇನ್ನೊಂದು ಕೆಮಿಕಲ್. ಅದರ ಸಾಂದ್ರತೆ 0.55 ಪರ್ಸೆಂಟ್, 20 ಡಿಗ್ರಿಯಲ್ಲಿ 12 ನಿಮಿಷ. ಯಾವುದೇ ಇರಲಿ, ಚಾನೆಲಿನೊಳಗೆ ಸಿರಿಂಜಿನಿಂದ ತುಂಬಿಸಬೇಕು. ಒಳಗೆ ಒಂದು ಗಾಳಿ ಗುಳ್ಳೆ ಉಳಿದರೂ ಆ ಜಾಗಕ್ಕೆ ಕೆಮಿಕಲ್ ತಾಗಿರುವುದಿಲ್ಲ. ಒಂದೇ ಟ್ರೇಯ ದ್ರಾವಣವನ್ನು ಅನೇಕ ದಿನ ಬಳಸುತ್ತೇವೆ, ಆದರೆ ಡಬ್ಬಿಯ ಮೇಲೆ 14 ದಿನ ಅಂತ ಇದ್ದ ಮಾತ್ರಕ್ಕೆ ಹದಿನಾಲ್ಕನೇ ದಿನದವರೆಗೂ ಅದಕ್ಕೆ ಶಕ್ತಿ ಇರುತ್ತೆ ಅಂತ ನಂಬಬಾರದು. ಪ್ರತಿ ಸ್ಕೋಪಿನಲ್ಲೂ ಸ್ವಲ್ಪ ಸ್ವಲ್ಪ ನೀರು ಬಂದು ಸೇರಿ ಅದು ತೆಳುವಾಗುತ್ತಾ ಹೋಗುತ್ತೆ. ಟೆಸ್ಟ್ ಸ್ಟ್ರಿಪ್ ಅದ್ದಿ ನೋಡಬೇಕು. ಸ್ಟ್ರಿಪ್ ಫೇಲ್ ಆದರೆ ಎರಡನೇ ದಿನವಾದರೂ ಚೆಲ್ಲಬೇಕು. ಚೆಲ್ಲಿ ಅಂದಾಗ ಸ್ಟೋರಿನವರ ಮುಖ ನೋಡಬೇಕು!

ಈ ಕೆಲಸ ಮಾಡುವವರ ಮೈಗೆ ಏನಾಗುತ್ತೆ ಅಂತಲೂ ಹೇಳಬೇಕು. ಗ್ಲುಟರಾಲ್ಡಿಹೈಡ್ ಆವಿಗೆ ಕಣ್ಣು ಉರಿಯುತ್ತೆ, ಮೂಗು ಸೋರುತ್ತೆ, ಕೆಲವರಿಗೆ ಆಸ್ತಮಾ ಬರುತ್ತೆ. ಓಪಿಎಗೆ ವಾಸನೆ ಕಡಿಮೆ, ಆದರೆ ಕೈಗೆ ತಾಗಿದರೆ ಚರ್ಮ ಬೂದಿ ಬಣ್ಣಕ್ಕೆ ತಿರುಗುತ್ತೆ. ಸರಿಯಾಗಿ ಜಾಲಿಸದಿದ್ದರೆ ರೋಗಿಯ ತುಟಿ, ಬಾಯಿಗೂ ಅದೇ ಬಣ್ಣ. ನಾನು ಕಂಡ ಒಂದು ಕಡೆ ತೊಳೆಯುವ ರೂಮಿಗೆ ಕಿಟಕಿಯೇ ಇರಲಿಲ್ಲ. ಎಕ್ಸಾಸ್ಟ್ ಫ್ಯಾನ್ ಇತ್ತು, ಕರೆಂಟ್ ಹೋದರೆ ಅದಕ್ಕೆ ಜನರೇಟರ್ ಲೈನ್ ಇರಲಿಲ್ಲ. ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲು ನಿಮಗೆ ಗೊತ್ತೇ ಇದೆ. ಅದರಲ್ಲಿ ಪ್ಲಾಸ್ಟಿಕ್ ಏಪ್ರನ್, ಉದ್ದ ಗ್ಲೌಸ್, ಮಾಸ್ಕ್, ಮುಖದ ಶೀಲ್ಡ್ ಹಾಕಿಕೊಂಡು ಸಿಂಕಿನ ಮುಂದೆ ಬಗ್ಗಿ ನಿಂತಿರಬೇಕು. ಅಲ್ಲಿದ್ದ ಹುಡುಗ ಗುತ್ತಿಗೆ ಮೇಲೆ ಬಂದವನು. ಬೆಳಗ್ಗೆ ಸ್ಕೋಪ್ ತೊಳೆಯಬೇಕು, ಮಧ್ಯದಲ್ಲಿ ಬ್ಲಡ್ ಸ್ಯಾಂಪಲ್ ಲ್ಯಾಬಿಗೆ ಒಯ್ಯಬೇಕು, ಸಂಜೆ ವಾರ್ಡಿನಲ್ಲಿ ಟ್ರಾಲಿ ತಳ್ಳಬೇಕು. ಅವನಿಗೆ ಯಾರೂ ಇದನ್ನು ಕುಳಿತು ಹೇಳಿಕೊಟ್ಟಿರಲಿಲ್ಲ. ಹಿಂದಿನವನು ಮಾಡಿದ್ದನ್ನು ನೋಡಿ ಕಲಿತಿದ್ದ. ಲಕ್ಷಗಟ್ಟಲೆಯ ಸ್ಕೋಪ್ ಅವನ ಕೈಯಲ್ಲಿ, ಅದನ್ನು ನುಂಗುವವರ ಆರೋಗ್ಯವೂ ಅವನ ಕೈಯಲ್ಲಿ. ಸಂಬಳ ಮಾತ್ರ ಎಲ್ಲರಿಗಿಂತ ಕಡಿಮೆ.

ನೀರಿನ ವಿಚಾರ ನಮ್ಮ ಕಡೆ ಬೇರೆಯೇ ಕಥೆ. ಕೆಮಿಕಲ್ ಆದ ಮೇಲೆ ಸ್ಕೋಪ್ ಜಾಲಿಸುವ ನೀರು ಸ್ಟೆರೈಲ್ ಆಗಿರಬೇಕು, ಇಲ್ಲವೇ ಬ್ಯಾಕ್ಟೀರಿಯಾ ತಡೆಯುವ ಫಿಲ್ಟರಿನಿಂದ ಬಂದಿರಬೇಕು. ದಾವಣಗೆರೆಯಲ್ಲಿ ತುಂಗಭದ್ರಾ ನದಿ, ಭದ್ರಾ ನಾಲೆ ನೀರು ಬರುವ ದಿನ ಪರವಾಗಿಲ್ಲ. ಬಾರದ ದಿನ ಟ್ಯಾಂಕಿಗೆ ಬೋರ್‌ವೆಲ್ ನೀರೇ ಗತಿ. ಚಿತ್ರದುರ್ಗ, ಜಗಳೂರು ಕಡೆಯ ಬೋರ್ ನೀರು ಎಷ್ಟು ಗಡಸು ಅಂತ ಅಲ್ಲಿಯ ಗೀಸರ್ ಬಿಚ್ಚಿದವರಿಗೆ ಗೊತ್ತು. ಅದೇ ಬಿಳಿ ಪದರ ಸ್ಕೋಪಿನ ನಳಿಕೆಗೂ ಕಟ್ಟುತ್ತೆ. ಆ ಪದರದ ಅಡಿಯಲ್ಲಿ ಕ್ರಿಮಿಗಳು ಸೇರಿಕೊಳ್ಳುತ್ತವೆ. ಅಷ್ಟು ಕಷ್ಟಪಟ್ಟು ಕ್ರಿಮಿ ಕೊಂದು, ಕೊನೆಗೆ ಟ್ಯಾಂಕಿನ ನೀರಿನಲ್ಲಿ ಜಾಲಿಸಿದರೆ ಹೊಸ ಕ್ರಿಮಿಗಳನ್ನು ನಾವೇ ಕರೆದು ಕೂರಿಸಿದ ಹಾಗೆ.

ಕೊನೆಯದು ಒಣಗಿಸೋದು. ಚಾನೆಲಿಗೆ ಆಲ್ಕೋಹಾಲ್ ಹಾಯಿಸಿ, ಆಮೇಲೆ ಒತ್ತಡದ ಗಾಳಿ. ಹತ್ತು ನಿಮಿಷವಾದರೂ ಊದಬೇಕು. ಇದನ್ನು ಕೇಳಿದರೆ ಎಲ್ಲರೂ ನಗುತ್ತಾರೆ. ಹೊರಗೆ ಇಪ್ಪತ್ತು ಜನ ಕಾಯ್ತಿದ್ದಾರೆ, ನೀವು ಗಾಳಿ ಊದ್ತಾ ಕೂತಿದ್ದೀರಾ ಅಂತ. ಆದರೆ ಸೂಡೋಮೊನಾಸ್ ಅನ್ನೋ ಬ್ಯಾಕ್ಟೀರಿಯಾಕ್ಕೆ ಬೇಕಾಗಿರೋದು ಒಂದಿಷ್ಟು ತೇವ. ಸಂಜೆ ಒದ್ದೆ ಸ್ಕೋಪನ್ನು ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರೆ ಬೆಳಗ್ಗೆ ಹೊತ್ತಿಗೆ ಅದರ ಸಂಸಾರ ಬೆಳೆದಿರುತ್ತೆ. ಸ್ಕೋಪನ್ನು ಕಪಾಟಿನಲ್ಲಿ ನೇತು ಹಾಕಬೇಕು. ಕಂಪನಿಯಿಂದ ಬಂದ ಸೂಟ್‌ಕೇಸ್ ಸ್ಕೋಪ್ ಸಾಗಿಸೋಕೆ, ಇಡೋಕಲ್ಲ.

ಈಗ ಲೆಕ್ಕ ಹಾಕೋಣ. ಬೆಳಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ಪಟ್ಟಿ ಅಂತ ಇಟ್ಟುಕೊಳ್ಳಿ. ಸ್ಕೋಪಿ 10 ನಿಮಿಷ, ಎಲ್ಲ ಹಂತ ಸೇರಿ ತೊಳೆಯೋಕೆ 65 ನಿಮಿಷ. ಒಂದು ಸ್ಕೋಪ್ ಮತ್ತೆ ಸಿದ್ಧವಾಗೋಕೆ ಒಂದೂಕಾಲು ಗಂಟೆ. 9ಕ್ಕೆ ಒಬ್ಬರು, 10.15ಕ್ಕೆ ಒಬ್ಬರು, 11.30ಕ್ಕೆ, 12.45ಕ್ಕೆ. ಅಂದರೆ ಒಂದು ಸ್ಕೋಪಿಗೆ ನಾಲ್ಕು ಜನ. ಎರಡು ಸ್ಕೋಪ್ ಇದ್ದರೆ ಎಂಟು. ಒಂದು ಸ್ಕೋಪಿಗೆ ಕೈ ಬಿಡದೆ ಮಾಡುವ ಕೆಲಸವೇ ಅರ್ಧ ಗಂಟೆ ಅಂದರೂ, ಎಂಟಕ್ಕೆ ನಾಲ್ಕು ಗಂಟೆ. ಟೀ ಇಲ್ಲ, ಬಾತ್‌ರೂಮ್ ಇಲ್ಲ, ಫೋನ್ ಇಲ್ಲ. ಇಪ್ಪತ್ತು ಜನರ ಪಟ್ಟಿ ಬೇಕು ಅಂದರೆ ಐದು ಸ್ಕೋಪ್ ಬೇಕು, ತೊಳೆಯೋಕೆ ಮೂರು ಜನ ಬೇಕು. ಎರಡು ಸ್ಕೋಪ್, ಒಬ್ಬ ಹುಡುಗ ಇಟ್ಟುಕೊಂಡು ಮಧ್ಯಾಹ್ನ 1ರೊಳಗೆ ಇಪ್ಪತ್ತು ಜನರದ್ದು ಮುಗಿಸಿದೆವು ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದರೆ, ಆ ಸಮಯ ಎಲ್ಲಿಂದ ಬಂತು ಅಂತ ಕೇಳಿ. ಡಾಕ್ಟರ ಕೈ ಎಷ್ಟೇ ಚುರುಕಾದರೂ ಹತ್ತು ನಿಮಿಷದಲ್ಲಿ ಎರಡು ಮೂರು ನಿಮಿಷ ಉಳಿಯಬಹುದು. ಉಳಿದದ್ದೆಲ್ಲ ಸಿಂಕಿನಲ್ಲಿ ಕಡಿತವಾಗಿದೆ.

ಇದು ನಮ್ಮ ಕಡೆಯ ಕಥೆ ಮಾತ್ರ ಅಂದುಕೊಳ್ಳಬೇಡಿ. 2010ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಸಂಶೋಧಕರು ತೊಳೆಯುವ ರೂಮುಗಳಲ್ಲೇ ನಿಂತು ಒಂದೊಂದು ಹಂತವನ್ನೂ ಗುರುತು ಹಾಕಿಕೊಂಡಿದ್ದರು. ಕೈಯಿಂದಲೇ ತೊಳೆದ ಸ್ಕೋಪ್‌ಗಳಲ್ಲಿ ಎಲ್ಲ ಹಂತಗಳೂ ಪೂರ್ತಿಯಾಗಿದ್ದದ್ದು ಶೇಕಡಾ 1.4ರಲ್ಲಿ ಮಾತ್ರ. ಕೆಮಿಕಲ್ ಹಂತವನ್ನು ಮಷೀನಿಗೆ ಬಿಟ್ಟ ಕಡೆ ಶೇಕಡಾ 75.4. ಬೇಗ ಮುಗಿಸಿ ಅನ್ನೋ ಒತ್ತಡ ಇದೆ ಅಂತ ಅಲ್ಲಿಯ ಕೆಲಸಗಾರರೂ ಹೇಳಿದ್ದರು. ಹಾಗಾದರೆ ಮಷೀನ್ ತಂದರೆ ಆಯ್ತಲ್ಲ ಅನ್ನಬಹುದು. ತರಬೇಕು, ಸಾಧ್ಯವಿದ್ದವರು ಖಂಡಿತ ತರಬೇಕು. ಮಷೀನಿಗೆ ಬೇಜಾರಿಲ್ಲ, ಅದು 12 ನಿಮಿಷ ಅಂದರೆ 12 ನಿಮಿಷವೇ ಇಡುತ್ತೆ, ಆವಿಯನ್ನೂ ಹೊರಗೆ ಬಿಡಲ್ಲ. ಆದರೆ ಬ್ರಷ್ ಹಾಕೋ ಕೆಲಸ ಮನುಷ್ಯರದ್ದೇ. ಮಷೀನ್ ಬಂತು ಅಂತ ಸಿಂಕಿನ ಹುಡುಗನನ್ನು ಬೇರೆ ಕಡೆ ಹಾಕಿದರೆ ಮಷೀನ್ ತಂದದ್ದೂ ದಂಡ.

ಎಲ್ಲ ಸರಿಯಾಗಿ ಮಾಡಿಯೂ ಕೈ ಮೀರುವುದುಂಟು. ಪಿತ್ತನಾಳದ ಕಲ್ಲು ತೆಗೆಯೋಕೆ ಇಆರ್‌ಸಿಪಿ ಅನ್ನೋ ಸ್ಕೋಪಿ ಮಾಡುತ್ತಾರಲ್ಲ, ಅದಕ್ಕೆ ಬೇಕಾಗುವ ಡ್ಯುವೋಡಿನೋಸ್ಕೋಪಿನ ತುದಿಯಲ್ಲಿ ಒಂದು ಪುಟ್ಟ ಎತ್ತುಗೋಲು ಇದೆ. ತಂತಿಯನ್ನು ಮೇಲೆ ಎತ್ತಿ ನಾಳದ ಬಾಯಿಗೆ ತೋರಿಸೋ ಕೆಲಸ ಅದರದ್ದು. ಅದರ ಹಿಂದಿನ ಸಂದಿಗೆ ಬ್ರಷ್ ಹೋಗೋದೇ ಕಷ್ಟ. 2015ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಆಸ್ಪತ್ರೆ, ಇಂಥ ಸ್ಕೋಪಿನ ಮೂಲಕ ಏಳು ಜನರಿಗೆ ಬಲವಾದ ಆ್ಯಂಟಿಬಯಾಟಿಕ್‌ಗೂ ಬಗ್ಗದ ಬ್ಯಾಕ್ಟೀರಿಯಾ ಹರಡಿದೆ, ಎರಡು ಸಾವುಗಳಿಗೆ ಅದೂ ಕಾರಣವಾಗಿರಬಹುದು ಅಂತ ಪ್ರಕಟಿಸಿತು. ಅವರು ಕಂಪನಿ ಹೇಳಿದ ಹಾಗೆಯೇ ತೊಳೆದಿದ್ದರು. ದೋಷ ಇದ್ದದ್ದು ಸ್ಕೋಪಿನ ರಚನೆಯಲ್ಲಿ. ಮುಂದೆ 2019ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ, ತುದಿಯ ಭಾಗವನ್ನು ಬಳಸಿ ಬಿಸಾಡಬಹುದಾದ ಹೊಸ ಮಾದರಿಗಳಿಗೆ ಬದಲಾಗಿ ಅಂತ ಆಸ್ಪತ್ರೆಗಳಿಗೆ ಸಲಹೆ ಕೊಟ್ಟಿತು. ಪೂರ್ತಿ ಬಿಸಾಡುವ ಸ್ಕೋಪ್‌ಗಳೂ ಬಂದಿವೆ. ಐಸಿಯುನಲ್ಲಿ ಶ್ವಾಸನಾಳ ನೋಡೋಕೆ ಅವು ಒಳ್ಳೆಯವು. ಆದರೆ ದಿನದ ಗ್ಯಾಸ್ಟ್ರೋಸ್ಕೋಪಿಗೆಲ್ಲ ಬಿಸಾಡುವ ಸ್ಕೋಪ್ ಅಂದರೆ ನಮ್ಮ ರೋಗಿಗಳ ಜೇಬು ತಡೆಯೋದಿಲ್ಲ.

ರಾತ್ರಿಯ ಎಮರ್ಜೆನ್ಸಿ ಬಗ್ಗೆ ಯಾರೂ ಮಾತಾಡಲ್ಲ. ರಕ್ತ ವಾಂತಿ ಮಾಡಿಕೊಂಡವರು, ನಾಣ್ಯ ನುಂಗಿದ ಮಕ್ಕಳು ಬರೋದು ರಾತ್ರಿಯೇ. ಡಾಕ್ಟರು ಬಂದು ಜೀವ ಉಳಿಸಿ ಹೋಗುತ್ತಾರೆ. ಸ್ಕೋಪ್ ತೊಳೆಯುವವರು ಬೆಳಗ್ಗೆ ಎಂಟಕ್ಕೆ ಬರುವವರು. ಎಲ್ಲಕ್ಕಿಂತ ಜಾಸ್ತಿ ರಕ್ತ ಮೆತ್ತಿದ ಸ್ಕೋಪು ರಾತ್ರಿಯಿಡೀ ಒಣಗುತ್ತಾ ಬಿದ್ದಿರುತ್ತೆ. ನೈಟ್ ಡ್ಯೂಟಿಯ ಒಬ್ಬರಿಗಾದರೂ ಇದನ್ನು ಕಲಿಸಿ ಅಂತ ನಾನು ಹೋದ ಕಡೆಯೆಲ್ಲ ಹೇಳುತ್ತೇನೆ.

ಇನ್ನೊಂದು ರೂಢಿ. ಸ್ಕೋಪಿಗೆ ಮುಂಚೆ ಎಚ್‌ಐವಿ, ಹೆಪಟೈಟಿಸ್ ಬಿ ಟೆಸ್ಟ್ ಮಾಡಿಸಿ, ಪಾಸಿಟಿವ್ ಬಂದವರನ್ನು ಪಟ್ಟಿಯ ಕೊನೆಗೆ ಹಾಕೋದು. ಆ ಮನುಷ್ಯ ಬೆಳಗ್ಗೆಯಿಂದ ಹಸಿದು ಕೂತು, ತನ್ನನ್ನೇ ಯಾಕೆ ಕೊನೆಗೆ ಕರೆದರು ಅಂತ ಅರ್ಥ ಮಾಡಿಕೊಂಡಿರುತ್ತಾನೆ. ನನಗೆ ಇದು ಮೊದಲಿಂದಲೂ ಒಪ್ಪಿಗೆಯಾಗಿಲ್ಲ. ಟೆಸ್ಟಿಗೆ ಸಿಗದ ಸೋಂಕು ಎಷ್ಟೋ ಇರುತ್ತವೆ. ಬಂದವರೆಲ್ಲರಿಗೂ ಸೋಂಕು ಇದೆ ಅಂತಲೇ ತಿಳಿದು ಪ್ರತಿ ಸ್ಕೋಪನ್ನೂ ತೊಳೆಯಬೇಕು. ಹಾಗೆ ತೊಳೆದರೆ ಯಾರು ಮೊದಲು ಬಂದರೆ ಏನು? ಕೊನೆಗೇ ಹಾಕಬೇಕು ಅಂತ ಹಟ ಹಿಡಿದರೆ, ನಮ್ಮ ತೊಳೆಯುವಿಕೆ ಮೇಲೆ ನಮಗೇ ನಂಬಿಕೆ ಇಲ್ಲ ಅಂತ ಒಪ್ಪಿಕೊಂಡ ಹಾಗೆ.

ಇದನ್ನೆಲ್ಲ ಕೇಳಿ ನೀವು ಸ್ಕೋಪಿಗೇ ಹೆದರಬಾರದು. ರಕ್ತ ಹೋಗುತ್ತಿರುವವರಿಗೆ, ಅನ್ನನಾಳದ ಕ್ಯಾನ್ಸರ್ ಅನುಮಾನ ಇರುವವರಿಗೆ ಅದನ್ನು ಮಾಡಿಸದೆ ಇರೋದೇ ದೊಡ್ಡ ಅಪಾಯ. ಸೋಂಕು ಹರಡೋದು ಅಪರೂಪ. ಹಿಂದೆ 18 ಲಕ್ಷ ಸ್ಕೋಪಿಗೆ ಒಂದು ಅಂತ ಹೇಳುತ್ತಿದ್ದರು. ಅದು ತೀರ ಕಡಿಮೆ ಅಂದಾಜು ಅಂತ ಈಗ ಹೇಳುತ್ತಾರೆ, ನನಗೂ ಹಾಗೇ ಅನ್ನಿಸುತ್ತೆ. ಹೊಸದುರ್ಗದವರು ಯಾರೋ ಇಲ್ಲಿ ಸ್ಕೋಪಿ ಮಾಡಿಸಿಕೊಂಡು ಹೋಗುತ್ತಾರೆ. ಹತ್ತು ದಿನ ಆದ ಮೇಲೆ ಜ್ವರ ಬರುತ್ತೆ. ಊರಿನ ಡಾಕ್ಟರ ಹತ್ತಿರ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಾರೆ. ಅದಕ್ಕೂ ಸ್ಕೋಪಿಗೂ ನಂಟು ಇದೆಯೋ ಇಲ್ಲವೋ ಯಾರು ನೋಡಿದರು?

ಕೊನೆಗೆ ಒಬ್ಬ ವಿದ್ಯಾರ್ಥಿನಿ ಕೇಳಿದಳು, "ಮೇಡಂ, ನಾವು ಕೆಲಸಕ್ಕೆ ಸೇರಿದ ಕಡೆ ಮಷೀನ್ ಕೊಡಿಸೋಕೆ, ಜನ ಜಾಸ್ತಿ ಮಾಡೋಕೆ ನಮ್ಮ ಕೈಯಲ್ಲಿ ಆಗಲ್ಲ. ನಾವು ಏನು ಮಾಡಬಹುದು?" ಒಳ್ಳೆ ಪ್ರಶ್ನೆ. ಒಂದು ಉದ್ದನೆಯ ರಿಜಿಸ್ಟರ್ ತಗೊಳ್ಳಿ, ಇನ್ನೂರು ಪುಟದ್ದು ಸಾಕು. ರೋಗಿಯ ನಂಬರ್, ಸ್ಕೋಪಿನ ಸೀರಿಯಲ್ ನಂಬರ್, ಹೊರಗೆ ಬಂದ ಸಮಯ, ಸಿಂಕಿಗೆ ಹೋದ ಸಮಯ, ಲೀಕ್ ಟೆಸ್ಟ್, ಸ್ಟ್ರಿಪ್ ಫಲಿತಾಂಶ, ಕೆಮಿಕಲ್‌ನಿಂದ ತೆಗೆದ ಸಮಯ, ತೊಳೆದವರ ಸಹಿ. ಸಮಯವನ್ನು ಗಡಿಯಾರ ನೋಡಿ ಆಗಲೇ ಬರೆಯಿರಿ, ಸಂಜೆ ಕೂತು ಒಟ್ಟಿಗೆ ತುಂಬಬೇಡಿ. ಒಂದು ತಿಂಗಳು ಹೀಗೆ ಬರೆದರೆ ಎರಡು ಸ್ಕೋಪಿನಲ್ಲಿ ಎಷ್ಟು ಜನರದ್ದು ಆಗುತ್ತೆ ಅಂತ ಮ್ಯಾನೇಜ್‌ಮೆಂಟಿಗೆ ನೀವು ವಾದ ಮಾಡಬೇಕಾಗಿಲ್ಲ, ಪುಟ ತೋರಿಸಿದರೆ ಸಾಕು. ಸ್ಕೋಪಿನ ನಂಬರ್ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಯುಸಿಎಲ್‌ಎಯವರು ಆ ಸ್ಕೋಪ್ ತಾಗಿರಬಹುದಾದ 179 ಜನರನ್ನು ಹುಡುಕಿ ತಿಳಿಸಿ, ಟೆಸ್ಟ್ ಮಾಡಿಸಿಕೊಳ್ಳಿ ಅಂತ ಹೇಳೋಕಾದದ್ದು ಯಾವ ಸ್ಕೋಪ್ ಯಾರಿಗೆ ಹೋಯಿತು ಅನ್ನೋದು ಬರೆದಿಟ್ಟಿದ್ದರಿಂದ.